ಸೋತವರಿಗೂ ಮುಂದಿನ ಪಂದ್ಯ

ಹುಮನಾಬಾದ್, ಬಸವಕಲ್ಯಾಣದ ಕಡೆ ಹಬ್ಬಕ್ಕೋ ಜಾತ್ರೆಗೋ ಒಂದು ಕಬಡ್ಡಿ ಪಂದ್ಯಾವಳಿ ಇಟ್ಟರು ಅನ್ನಿ. 16 ತಂಡ ಬಂದವು. ನಾಕೌಟ್ ಆದರೆ 15 ಪಂದ್ಯಕ್ಕೆ ಕಪ್ ಯಾರದೆಂದು ತೀರ್ಮಾನವಾಗುತ್ತದೆ. ಆದರೆ 8 ತಂಡದ ಹುಡುಗರು ಒಂದೇ ಆಟ ಆಡಿ ಸಂಜೆ ಬಸ್ಸು ಹಿಡಿಯುತ್ತಾರೆ. ಅದರ ಬದಲು ಎಂಟೇ ತಂಡ ಸೇರಿ ಲೀಗ್ ಕಟ್ಟಿದರೆ ತಂಡಕ್ಕೆ 7 ಆಟ, ಒಟ್ಟು 28. ಇವತ್ತು ಸೋತವನು ಮುಂದಿನ ವಾರ ಮತ್ತೆ ಅಂಗಳಕ್ಕಿಳಿಯುತ್ತಾನೆ. ಬೆಳೆಯುವ ಹುಡುಗರಿಗೆ ಕಪ್ಪಿಗಿಂತ ಇದೇ ಮುಖ್ಯ ಅನ್ನುವವನು ನಾನು.

ಕೆನಡಾದಲ್ಲಿ ಇಂಥದೊಂದು ಜೂನಿಯರ್ ಲೀಗ್ ಹುಟ್ಟಿದ ಕಥೆ ಕೇಳಿ. ಆಟ ಐಸ್ ಹಾಕಿ. ಕಾಲಿಗೆ ಉಕ್ಕಿನ ಅಲಗಿನ ಸ್ಕೇಟ್ಸ್, ಚೆಂಡಿನ ಬದಲು ಗಟ್ಟಿ ರಬ್ಬರಿನ ಬಿಲ್ಲೆ, ಗೋಲ್‌ಕೀಪರ್ ಸೇರಿ ತಂಡಕ್ಕೆ 6 ಮಂದಿ. ಒಳಾಂಗಣದಲ್ಲಾದರೆ ನೆಲದಡಿಯ ಕೊಳವೆಗಳಲ್ಲಿ ತಣ್ಣನೆಯ ಉಪ್ಪುನೀರು ಹರಿಸಿ, ಮೇಲೆ ಸುಮಾರು ಒಂದಿಂಚು ಮಂಜುಗಡ್ಡೆ ಕಟ್ಟಿಸುತ್ತಾರೆ. ಬೇಸಿಗೆಗೆ 40 ಡಿಗ್ರಿ ದಾಟುವ ನಮ್ಮ ಕಡೆ ಅದರ ಕರೆಂಟ್ ಬಿಲ್ಲು ಯಾರು ಕಟ್ಟಬೇಕೋ! ನಮ್ಮ ದೇಶದಲ್ಲಿ ಲಡಾಖಿನವರಿಗೆ ಆ ಚಿಂತೆ ಕಡಿಮೆ. ಚಳಿಗಾಲಕ್ಕೆ ಕೆರೆಯೇ ಹೆಪ್ಪುಗಟ್ಟಿ ಮೈದಾನವಾಗುತ್ತದೆ.

1966ರಲ್ಲಿ ಎಡ್ಮಂಟನ್ ನಗರದ ಆಯಿಲ್ ಕಿಂಗ್ಸ್ ತಂಡ ಕೆನಡಾದ ಜೂನಿಯರ್ ಕಿರೀಟವಾದ ಮೆಮೋರಿಯಲ್ ಕಪ್ ಗೆದ್ದಿತು. ಆದರೆ ತಮ್ಮ ಪ್ರಾಂತ್ಯದಲ್ಲಿ ಸರಿಸಾಟಿ ಜೂನಿಯರ್ ತಂಡವಿಲ್ಲದೆ ಆ ಹುಡುಗರು ದೊಡ್ಡವರ ಲೀಗಿನಲ್ಲಿ ಆಡುತ್ತಿದ್ದರು. ತಂಡ ನಡೆಸುತ್ತಿದ್ದ ಬಿಲ್ ಹಂಟರ್ ಸುಮ್ಮನೆ ಕೂರುವ ಆಸಾಮಿಯಲ್ಲ. ಒಂದಿಷ್ಟು ಜನರನ್ನು ಕೂಡಿಸಿಕೊಂಡು ಅದೇ ವರ್ಷ 7 ತಂಡಗಳ ಹೊಸ ಲೀಗ್ ಶುರುಮಾಡಿದರು. ತಂಡಕ್ಕೆ 56 ಪಂದ್ಯ! ದೇಶದ ಹವ್ಯಾಸಿ ಹಾಕಿ ಸಂಸ್ಥೆ ಸಿಟ್ಟಾಗಿ, ಇವರದು ಬಂಡುಕೋರರ ಲೀಗ್ ಎಂದು ಮೆಮೋರಿಯಲ್ ಕಪ್ಪಿಗೆ ಸೇರಿಸಲಿಲ್ಲ. ಆದರೂ ಆಡಿದರು.

ಆ ಏಳರಲ್ಲಿ ಗೋಧಿ ಸೀಮೆಯ ವೇಬರ್ನ್, ಕಲ್ಲಿದ್ದಲಿನ ಎಸ್ಟೆವಾನ್ ಎಂಬ ಎರಡು ಸಣ್ಣ ಊರುಗಳಿದ್ದವು. ಹುಮನಾಬಾದ್, ಬಸವಕಲ್ಯಾಣದ ಹಾಗೆ ಅಕ್ಕಪಕ್ಕದವು. ಆದರೆ ಎಸ್ಟೆವಾನಿನ ಹುಡುಗರು ಎಡ್ಮಂಟನ್ನಿಗೆ ಹೋಗಬೇಕೆಂದರೆ ಹಿಮದ ರಸ್ತೆಯಲ್ಲಿ ಹೆಚ್ಚುಕಡಿಮೆ ಸಾವಿರ ಕಿಲೋಮೀಟರ್. ಮೊದಲ ವರ್ಷ ಅಂಕಪಟ್ಟಿಯಲ್ಲಿ ಎಡ್ಮಂಟನ್ ಮೇಲಿತ್ತು. ಆದರೆ ಕೊನೆಯ ಪ್ಲೇಆಫ್ ಸುತ್ತಿನಲ್ಲಿ ಗೆದ್ದದ್ದು ಮೂಸ್ ಜಾ ಕನಕ್ಸ್ ಎಂಬ ತಂಡ. ವೇಬರ್ನ್ 1968ರಲ್ಲೇ ಲೀಗ್ ಬಿಟ್ಟಿತು. 1971ರಲ್ಲಿ ಎಸ್ಟೆವಾನ್ ತಂಡ ಬೇರೆ ಊರಿಗೆ ಹೋಯಿತು. ಲೀಗ್ ಮಾತ್ರ ವೆಸ್ಟರ್ನ್ ಹಾಕಿ ಲೀಗ್ ಎಂಬ ಹೆಸರಿನಲ್ಲಿ ಇಂದಿಗೂ ನಡೆಯುತ್ತಿದೆ.

ನಮ್ಮ ಎರಡು ತಾಲೂಕಿನ ಶಾಲೆಗಳಿಗೆ ಮಂಜುಗಡ್ಡೆ ಬೇಕಿಲ್ಲ. ಕಬಡ್ಡಿಗೆ ಸುಣ್ಣದ ಗೆರೆ ಸಾಕು. 8 ತಂಡ, ಭಾನುವಾರಕ್ಕೆ 4 ಪಂದ್ಯ, ಏಳು ವಾರಕ್ಕೆ ಮುಗಿಯಿತು. ಪರೀಕ್ಷೆ, ತೊಗರಿ ರಾಶಿ, ಮದುವೆ ಯಾವುದೂ ಅಡ್ಡ ಬಾರದ ಏಳು ಭಾನುವಾರ ಹುಡುಕುವುದೇ ಸ್ವಲ್ಪ ಕಷ್ಟ.