ಕಣ್ಣಿಗೊಂದು, ಕಾಗದಕ್ಕೊಂದು

ಬಾನುಲಿಯಲ್ಲಿ ಭಾಷಣ ಮಾಡುವವರ ಕೈಯಲ್ಲಿರುವ ಹಾಳೆಯನ್ನು ನೋಡಿದರೆ ಅದರಲ್ಲಿ ಎರಡು ಬಗೆಯ ಬರಹ ಇರುವುದು ಕಾಣುತ್ತದೆ. ಒಂದು, ಕೇಳುಗರಿಗಾಗಿ ಬರೆದದ್ದು. ಇನ್ನೊಂದು, ಓದುವವನು ತನಗಾಗಿ ಮಾಡಿಕೊಂಡದ್ದು: ಇಲ್ಲಿ ಉಸಿರು ತೆಗೆದುಕೊಳ್ಳಬೇಕು, ಈ ಪದವನ್ನು ಒತ್ತಿ ಹೇಳಬೇಕು, ಇಲ್ಲಿಗೆ ಐದು ನಿಮಿಷವಾಗಿರಬೇಕು, ಎಂಬಂಥ ಗುರುತುಗಳು. ಹಾಳೆ ಒಂದೇ, ಆದರೆ ಅದರ ಒಂದು ಭಾಗ ಕಿವಿಗೆ ಹೋಗುತ್ತದೆ, ಇನ್ನೊಂದು ಭಾಗ ಕಣ್ಣಿನಲ್ಲಿಯೇ ಉಳಿಯುತ್ತದೆ. ಒಂದೇ ಬರಹ ಇಬ್ಬರಿಗೆ ಎರಡು ರೀತಿಯಲ್ಲಿ ಒದಗಬೇಕೆಂಬ ಈ ಅಗತ್ಯ ಬಹಳ ಹಳೆಯದು. ಇಂದಿನ ಗಣಕಯಂತ್ರದ ಅಚ್ಚುಕೆಲಸದಲ್ಲಿ ಅದು ಯಾವ ರೂಪ ತಾಳಿದೆ, ಅದರಿಂದ ಅನುಕೂಲವೇನು, ಅಪಾಯವೇನು ಎಂಬುದನ್ನು ಈಗ ನೋಡೋಣ.

ಮುದ್ರಣಾಲಯದವರು ಈ ಅಗತ್ಯಕ್ಕೆ ಒಂದು ಸೊಗಸಾದ ಉಪಾಯವನ್ನು ಕಂಡುಕೊಂಡಿದ್ದರು. ಪುಟವನ್ನು ಕ್ಯಾಮರಾದಿಂದ ಫಿಲ್ಮಿಗೆ ಇಳಿಸಿ, ಅದರಿಂದ ಅಚ್ಚಿನ ತಗಡು ಮಾಡುತ್ತಿದ್ದ ಕಾಲದಲ್ಲಿ, ಪುಟ ಜೋಡಿಸುವ ಕಲಾವಿದ ತನ್ನ ಸೂಚನೆಗಳನ್ನೆಲ್ಲ ತಿಳಿನೀಲಿ ಪೆನ್ಸಿಲಿನಿಂದ ಅದೇ ಪುಟದ ಮೇಲೆ ಬರೆಯುತ್ತಿದ್ದ. ಆ ಫಿಲ್ಮಿಗೆ ತಿಳಿನೀಲಿಯೂ ಬಿಳಿಯೂ ಒಂದೇ. ಹಾಗಾಗಿ ಮನುಷ್ಯನ ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಗೆರೆ, ಅಚ್ಚಾದ ಹಾಳೆಯಲ್ಲಿ ಇರುತ್ತಿರಲಿಲ್ಲ. ಅಳಿಸುವ ಶ್ರಮವೂ ಇಲ್ಲ, ಬೇರೆ ಹಾಳೆಯ ಖರ್ಚೂ ಇಲ್ಲ. ಚಿತ್ರದ ಮೇಲೆ ಪಾರದರ್ಶಕ ಹಾಳೆ ಹೊದಿಸಿ, ಒಂದೊಂದು ಬಣ್ಣಕ್ಕೆ ಒಂದೊಂದು ಹಾಳೆ ಇಡುವ ಪದ್ಧತಿಯೂ ಇತ್ತು. ವೈದ್ಯಕೀಯ ಪುಸ್ತಕಗಳಲ್ಲಿ ಎಲುಬಿನ ಚಿತ್ರದ ಮೇಲೆ ನರಗಳ ಹಾಳೆ, ಅದರ ಮೇಲೆ ಮಾಂಸಖಂಡಗಳ ಹಾಳೆ ಮಗುಚುವಂತೆ ಹೊಲಿದಿರುವುದನ್ನು ಹಲವರು ನೋಡಿರಬಹುದು. ಇಂದಿನ ಮಾತಿನಲ್ಲಿ ಇವುಗಳಿಗೆ 'ಪದರ' ಎನ್ನುತ್ತೇವೆ.

ಗಣಕಯಂತ್ರ ಬಂದ ಮೇಲೆ ಪುಟ ಜೋಡಿಸುವ ಕೆಲಸವೇ ಬೇರೆಯಾಯಿತು. ಅಮೆರಿಕದ ಗಣಿತಜ್ಞ ಡೊನಾಲ್ಡ್ ನುಥ್ ತಮ್ಮ ಪುಸ್ತಕದ ಹೊಸ ಆವೃತ್ತಿಯ ಕರಡಚ್ಚು ಅಂದವಾಗಿಲ್ಲವೆಂದು ಬೇಸರಪಟ್ಟು, ೧೯೭೭ರಲ್ಲಿ ತಾವೇ ಅಕ್ಷರ ಜೋಡಿಸುವ ತಂತ್ರಾಂಶವೊಂದನ್ನು ರೂಪಿಸಲು ತೊಡಗಿದರು. ಅದೇ 'ಟೆಕ್'. ಅದರ ಮೇಲೆ ಲೆಸ್ಲೀ ಲ್ಯಾಂಪೋರ್ಟ್ ಅವರು ೧೯೮೦ರ ದಶಕದಲ್ಲಿ ಕಟ್ಟಿದ 'ಲೇಟೆಕ್' ಇಂದಿಗೂ ವಿಜ್ಞಾನಿಗಳ ಮತ್ತು ಅಧ್ಯಾಪಕರ ನೆಚ್ಚಿನ ಸಾಧನ. ೧೯೯೩ರಲ್ಲಿ ಅಡೋಬಿ ಕಂಪನಿ ಪಿಡಿಎಫ್ ಎಂಬ ಕಡತದ ರೂಪವನ್ನು ಹೊರತಂದಿತು. ಯಾವ ಯಂತ್ರದಲ್ಲಿ ತೆರೆದರೂ ಪುಟ ಒಂದೇ ತೆರನಾಗಿ ಕಾಣಬೇಕೆಂಬುದು ಅದರ ಉದ್ದೇಶ. ಇಂದು ಮನೆಗೆ ಬರುವ ವಿದ್ಯುತ್ ಬಿಲ್ಲು, ಮಗನ ಪರೀಕ್ಷೆಯ ಪ್ರವೇಶಪತ್ರ, ರೈಲಿನ ಟಿಕೆಟ್ಟು, ಇವೆಲ್ಲ ಸಾಮಾನ್ಯವಾಗಿ ಈ ರೂಪದಲ್ಲೇ ಬರುತ್ತವೆ.

ಆದರೆ ಇಲ್ಲೊಂದು ತೊಡಕು ಹುಟ್ಟಿಕೊಂಡಿತು. ಹಿಂದೆ ಪುಟದ ಗುರಿ ಒಂದೇ, ಕಾಗದ. ಈಗ ಅದೇ ಪುಟವನ್ನು ಕೆಲವರು ತೆರೆಯ ಮೇಲೆ ಓದುತ್ತಾರೆ, ಕೆಲವರು ಮುದ್ರಿಸಿಕೊಂಡು ಓದುತ್ತಾರೆ. ಎರಡರ ಧರ್ಮವೂ ಬೇರೆ. ತೆರೆಯ ಮೇಲೆ ನೀಲಿ ಬಣ್ಣದ ಪದವನ್ನು ಮುಟ್ಟಿದರೆ ಇನ್ನೊಂದು ಪುಟ ತೆರೆಯುತ್ತದೆ. ಕಾಗದದ ಮೇಲೆ ಅದೇ ನೀಲಿ ಪದ ಮಸುಕಾದ ಬೂದು ಪದವಾಗಿ ಕಣ್ಣಿಗೆ ಕಷ್ಟ ಕೊಡುತ್ತದೆ. 'ಮುಂದಿನ ಪುಟಕ್ಕೆ ಹೋಗಿ' ಎಂಬ ಗುಂಡಿ ತೆರೆಯಲ್ಲಿ ಉಪಕಾರಿ, ಕಾಗದದಲ್ಲಿ ನಗೆಪಾಟಲು. ಕಡುಬಣ್ಣದ ಹಿನ್ನೆಲೆ ತೆರೆಗೆ ಶೋಭೆ, ಮುದ್ರಣಯಂತ್ರಕ್ಕೆ ಮಸಿಯ ದಂಡ. ಇತ್ತ ಕಾಗದಕ್ಕೂ ತನ್ನದೇ ಆದ ಬೇಡಿಕೆಗಳಿವೆ: ಕತ್ತರಿಸುವ ಗೆರೆ, ಸಹಿಗೆ ಜಾಗ, ಮುಟ್ಟಲಾಗದ ಕೊಂಡಿಗೆ ಬದಲಾಗಿ ಪೂರ್ತಿ ಬರೆದ ವಿಳಾಸ, ಚಲಿಸುವ ಚಿತ್ರಕ್ಕೆ ಬದಲಾಗಿ ನಿಶ್ಚಲವಾದ ಒಂದು ಚಿತ್ರ. ಇದಕ್ಕಾಗಿ ಎರಡು ಕಡತ ಮಾಡಬಹುದು, ನಿಜ. ಆದರೆ ಒಂದನ್ನು ತಿದ್ದಿ ಇನ್ನೊಂದನ್ನು ಮರೆಯುವುದು ಮನುಷ್ಯಸ್ವಭಾವ. ಎರಡು ಗಡಿಯಾರವಿರುವ ಮನೆಯಲ್ಲಿ ಸರಿಯಾದ ವೇಳೆ ಯಾವುದೆಂಬ ಜಗಳ ತಪ್ಪದು.

೨೦೦೩ರಲ್ಲಿ ಪಿಡಿಎಫ್‌ನ ೧.೫ನೆಯ ಆವೃತ್ತಿ ಇದಕ್ಕೊಂದು ದಾರಿ ತೋರಿತು. ಪುಟದ ಯಾವುದೇ ಭಾಗವನ್ನು, ಒಂದು ಪದವಾಗಲಿ ಚಿತ್ರವಾಗಲಿ, ಹೆಸರಿಟ್ಟ ಒಂದು ಪದರಕ್ಕೆ ಸೇರಿಸಬಹುದು. ಪ್ರತಿ ಪದರದ ಬಗ್ಗೆಯೂ ಕಡತದಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆದಿಡಬಹುದು: ನೋಡುವಾಗ ಕಾಣಬೇಕೆ? ಅಚ್ಚು ಮಾಡುವಾಗ ಕಾಣಬೇಕೆ? ಬೇರೆ ರೂಪಕ್ಕೆ ಬದಲಾಯಿಸುವಾಗ ಕಾಣಬೇಕೆ? ನೋಡುವಾಗ ಹೌದು, ಅಚ್ಚಿಗೆ ಇಲ್ಲ ಎಂದರೆ ಅದು ತೆರೆಯ ಪದರ. ನೋಡುವಾಗ ಇಲ್ಲ, ಅಚ್ಚಿಗೆ ಹೌದು ಎಂದರೆ ಅದು ಕಾಗದದ ಪದರ. ಇದರ ಜೊತೆಗೆ, ಅಚ್ಚಿನ ವೇಳೆಯಲ್ಲಿ ಈ ಉತ್ತರಗಳನ್ನು ತಾನಾಗಿ ಜಾರಿಗೆ ತರಬೇಕೆಂಬ ಇನ್ನೊಂದು ಆದೇಶವೂ ಕಡತದಲ್ಲಿರಬೇಕು. ಅದಿಲ್ಲದಿದ್ದರೆ ಉತ್ತರಗಳು ಇದ್ದೂ ಇಲ್ಲದಂತೆ; ಕಾನೂನು ಬರೆದು ಪೊಲೀಸರನ್ನು ನೇಮಿಸದ ಹಾಗೆ.

ಲೇಟೆಕ್ ಬಳಸುವವರು ಇದನ್ನೆಲ್ಲ ಕೈಯಾರೆ ಬರೆಯಬೇಕಾಗಿಲ್ಲ. ಅದಕ್ಕಾಗಿಯೇ ತಯಾರಾದ ಉಪಕರಣಗಳಿವೆ. ಪದರಕ್ಕೆ ಸೇರಬೇಕಾದ ಭಾಗದ ಮೊದಲಲ್ಲೊಂದು, ಕೊನೆಯಲ್ಲೊಂದು ಗುರುತು ಹಾಕಿ, ಅದನ್ನು ಯಾವಾಗಲೂ ಅಚ್ಚು ಮಾಡು, ಎಂದೂ ಅಚ್ಚು ಮಾಡಬೇಡ, ತೆರೆಯಲ್ಲಿ ಕಂಡರೆ ಮಾತ್ರ ಅಚ್ಚು ಮಾಡು, ಈ ಮೂರರಲ್ಲಿ ಒಂದನ್ನು ಹೇಳಿದರೆ ಸಾಕು. ಕೊಂಡಿಗಳನ್ನು ನೋಡಿಕೊಳ್ಳುವ 'ಹೈಪರ್‌ರೆಫ್' ಎಂಬ ಉಪಕರಣದಲ್ಲಂತೂ ಒಂದೇ ಮಾತಿನ ಆದೇಶವಿದೆ: ಅದನ್ನು ಕೊಟ್ಟರೆ ಕೊಂಡಿಗಳು ತೆರೆಯಲ್ಲಿ ಬಣ್ಣವಾಗಿ, ಕಾಗದದಲ್ಲಿ ಕಪ್ಪಾಗಿ ಬರುತ್ತವೆ. ಒಂದೇ ಜಾಗದಲ್ಲಿ ಅದೇ ಪದವನ್ನು ಎರಡು ಬಾರಿ, ಎರಡು ಪದರಗಳಲ್ಲಿ ಬರೆಯುವುದೇ ಅದರ ಗುಟ್ಟು.

ಹೀಗೆ 'ಒಂದೇ ಜಾಗದಲ್ಲಿ' ಎಂಬುದು ಮುಖ್ಯ. ಪಿಡಿಎಫ್ ಪುಟದಲ್ಲಿ ಪ್ರತಿ ಅಕ್ಷರಕ್ಕೂ ನಿಗದಿಯಾದ ಸ್ಥಾನವಿರುತ್ತದೆ. ಒಂದು ಪದರ ಮರೆಯಾದರೆ ಉಳಿದ ಸಾಲುಗಳು ಸರಿದು ಆ ಜಾಗವನ್ನು ತುಂಬುವುದಿಲ್ಲ. ಊಟದ ಪಂಕ್ತಿಯಿಂದ ಒಬ್ಬರು ಎದ್ದರೆ ಎಲೆ ಹಾಗೆಯೇ ಖಾಲಿ ಉಳಿದಂತೆ ಆ ಸ್ಥಳ ಬರಿದಾಗಿ ಉಳಿಯುತ್ತದೆ. ಆದ್ದರಿಂದ ತೆರೆಗೆ ಒಂದು ಚಿತ್ರ, ಕಾಗದಕ್ಕೆ ಇನ್ನೊಂದು ಎಂದಾದರೆ, ಎರಡೂ ಒಂದೇ ಅಳತೆಯದಾಗಿ, ಒಂದರ ಮೇಲೊಂದು ಕೂರುವಂತೆ ಜೋಡಿಸುವುದು ಒಳ್ಳೆಯ ಅಕ್ಷರಜೋಡಕನ ಲಕ್ಷಣ.

ಇಷ್ಟಾದರೂ ಒಂದು ಮಾತು ಉಳಿಯುತ್ತದೆ. ಪದರದ ಆದೇಶ ಕಡತದಲ್ಲಿದ್ದರೂ ಅದನ್ನು ಪಾಲಿಸಬೇಕಾದದ್ದು ಕಡತ ತೆರೆಯುವ ತಂತ್ರಾಂಶ. ಎಲ್ಲ ತಂತ್ರಾಂಶಗಳೂ ಪಾಲಿಸುವುದಿಲ್ಲ. ಒಂದರಲ್ಲಿ ಸರಿಯಾಗಿ ಬಂದ ಕಡತ, ದೂರವಾಣಿಯ ಪುಟ್ಟ ತೆರೆಯಲ್ಲೋ ಬೀದಿಯ ಜೆರಾಕ್ಸ್ ಅಂಗಡಿಯಲ್ಲೋ ಬೇರೆಯಾಗಿ ಬರಬಹುದು. ಅಡುಗೆಯವರು ಸಾರನ್ನು ಬಡಿಸುವ ಮೊದಲು ರುಚಿ ನೋಡುವಂತೆ, ಕಡತ ಮಾಡಿದವರು ಎರಡು ಮೂರು ತಂತ್ರಾಂಶಗಳಲ್ಲಿ ತೆರೆದು, ಕಾಗದದ ಮೇಲೆಯೂ ಒಮ್ಮೆ ಮುದ್ರಿಸಿ ನೋಡುವುದು ಕ್ಷೇಮ. ಇದು ತಪ್ಪಿ ಅರ್ಜಿಯಲ್ಲಿ ಸಹಿಯ ಜಾಗವೇ ಅಚ್ಚಾಗದಿದ್ದರೆ, ಕಷ್ಟ ಬೀಳುವುದು ಕಡತ ಮಾಡಿದವನಿಗಲ್ಲ, ಸರದಿಯಲ್ಲಿ ನಿಂತವನಿಗೆ.

ಇದಕ್ಕಿಂತ ಗಂಭೀರವಾದ ವಿಷಯ ಇನ್ನೊಂದಿದೆ. ಮರೆಯಾದದ್ದು ಇಲ್ಲವಾದದ್ದಲ್ಲ. ತಿಳಿನೀಲಿ ಪೆನ್ಸಿಲಿನ ಗೆರೆ ಫಿಲ್ಮಿಗೇ ಹೋಗುತ್ತಿರಲಿಲ್ಲ. ಓದುಗನ ಕೈ ಸೇರಿದ ಹಾಳೆಯಲ್ಲಿ ಅದರ ಸುಳಿವೂ ಇರುತ್ತಿರಲಿಲ್ಲ. ಗಣಕಯಂತ್ರದ ಪದರ ಹಾಗಲ್ಲ. ಅದು ಕಡತದೊಳಗೆ ಪೂರ್ಣವಾಗಿ ಕುಳಿತಿರುತ್ತದೆ. ಪರದೆಯ ಹಿಂದೆ ನಿಂತ ನಟನ ಹಾಗೆ. ಅಧ್ಯಾಪಕರೊಬ್ಬರು ಪ್ರಶ್ನೆಪತ್ರಿಕೆಯನ್ನೂ ಉತ್ತರಗಳನ್ನೂ ಒಂದೇ ಕಡತದಲ್ಲಿಟ್ಟು, ಉತ್ತರದ ಪದರವನ್ನು ಮರೆಮಾಡಿ ವಿದ್ಯಾರ್ಥಿಗಳಿಗೆ ಕಳುಹಿಸಿದರು ಎನ್ನೋಣ. ಪದರಗಳ ಪಟ್ಟಿಯನ್ನು ತೆರೆದು ಒಂದು ಗುರುತು ಬದಲಿಸಿದರೆ ಉತ್ತರಗಳೆಲ್ಲ ಪ್ರತ್ಯಕ್ಷ. ಜಾಣ ಹುಡುಗನಿಗೆ ಅದಕ್ಕೆ ಅರ್ಧ ನಿಮಿಷವೂ ಬೇಡ.

ಅಧ್ಯಾಪಕರಷ್ಟೇ ಅಲ್ಲ, ದೊಡ್ಡ ದೊಡ್ಡವರೂ ಇಂಥ ಕಡೆ ಎಡವಿದ್ದಾರೆ. ಇಟಲಿಯ ಗುಪ್ತಚರ ಅಧಿಕಾರಿ ನಿಕೋಲಾ ಕಾಲಿಪಾರಿ ೨೦೦೫ರಲ್ಲಿ ಬಾಗ್ದಾದಿನಲ್ಲಿ ಅಮೆರಿಕದ ಸೈನಿಕರ ಗುಂಡಿಗೆ ಬಲಿಯಾದರು. ಅಮೆರಿಕದ ಸೇನೆ ಆ ಬಗ್ಗೆ ಪ್ರಕಟಿಸಿದ ವರದಿಯಲ್ಲಿ ರಹಸ್ಯಭಾಗಗಳ ಮೇಲೆ ಕಪ್ಪು ಪಟ್ಟಿ ಎಳೆದಿದ್ದರು. ಆದರೆ ಅಕ್ಷರಗಳು ಪಟ್ಟಿಯ ಅಡಿಯಲ್ಲಿ ಹಾಗೆಯೇ ಇದ್ದವು. ಅವನ್ನು ನಕಲು ಮಾಡಿ ಬೇರೆಡೆಗೆ ಅಂಟಿಸಿದವರಿಗೆ ಎಲ್ಲವೂ ಓದಲು ಸಿಕ್ಕಿತು. ೨೦೧೯ರ ಜನವರಿಯಲ್ಲಿ ಪಾಲ್ ಮ್ಯಾನಫೋರ್ಟ್ ಅವರ ವಕೀಲರು ನ್ಯಾಯಾಲಯಕ್ಕೆ ಸಲ್ಲಿಸಿದ ಪತ್ರದಲ್ಲಿಯೂ ಹೀಗೆಯೇ ಆಯಿತು. ಕಪ್ಪು ಪಟ್ಟಿಗೂ ಪದರಕ್ಕೂ ರಚನೆಯಲ್ಲಿ ವ್ಯತ್ಯಾಸವಿದೆ. ಆದರೂ ಎರಡೂ ಕಲಿಸುವ ಪಾಠ ಒಂದೇ: ಹೊದಿಸಿದ್ದು ಬೇರೆ, ತೆಗೆದುಹಾಕಿದ್ದು ಬೇರೆ.

ಇದರ ವಿರುದ್ಧ ದಿಕ್ಕಿನ ತಪ್ಪೂ ಉಂಟು. ಪದರ ಕಂಡಲ್ಲೆಲ್ಲ ಮೋಸವೆಂದು ತಿಳಿಯಬಾರದು. ೨೦೧೧ರ ಏಪ್ರಿಲ್‌ನಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಬರಾಕ್ ಒಬಾಮ ಅವರ ಜನನಪತ್ರವನ್ನು ಶ್ವೇತಭವನ ಪಿಡಿಎಫ್ ರೂಪದಲ್ಲಿ ಪ್ರಕಟಿಸಿದಾಗ, ಅದನ್ನು ಚಿತ್ರ ತಿದ್ದುವ ತಂತ್ರಾಂಶದಲ್ಲಿ ತೆರೆದ ಕೆಲವರು ಒಳಗೆ ಹಲವು ತುಂಡುಗಳಿರುವುದನ್ನು ಕಂಡು, ಇದು ಖೋಟಾ ಎಂದು ಕೂಗೆಬ್ಬಿಸಿದರು. ಸಂಗತಿ ಬಹಳ ಸರಳ. ಕಾಗದದ ಚಿತ್ರ ತೆಗೆದು ಕಡತವನ್ನು ಚಿಕ್ಕದು ಮಾಡುವಾಗ ತಂತ್ರಾಂಶವೇ ಅಕ್ಷರಗಳನ್ನೂ ಹಿನ್ನೆಲೆಯನ್ನೂ ಬೇರೆ ಬೇರೆ ತುಂಡುಗಳಾಗಿ ವಿಂಗಡಿಸುತ್ತದೆ. ಉಪಕರಣದ ಸ್ವಭಾವ ತಿಳಿಯದಿದ್ದರೆ ಸಹಜವಾದದ್ದೂ ಸಂಚಿನಂತೆ ಕಾಣುತ್ತದೆ.

ಸಹಿಯ ವಿಷಯದಲ್ಲಿ ಮಾತ್ರ ಎಚ್ಚರ ಅವಶ್ಯ. ನಮ್ಮ ದೇಶದಲ್ಲಿ ೨೦೦೦ದ ಮಾಹಿತಿ ತಂತ್ರಜ್ಞಾನ ಕಾಯಿದೆಯಿಂದ ಗಣಕಯಂತ್ರದ ಸಹಿಗೂ ಮಾನ್ಯತೆ ದೊರೆತಿದೆ. ಕಂಡದ್ದಕ್ಕೆ ಸಹಿ ಮಾಡುತ್ತೇವೆ. ಆದರೆ ಸಹಿ ಬೀಳುವುದು ಇಡೀ ಕಡತಕ್ಕೆ, ಕಾಣದ್ದಕ್ಕೂ ಸೇರಿಸಿ. ಜರ್ಮನಿಯ ಬೋಖುಮ್ ನಗರದ ರೂರ್ ವಿಶ್ವವಿದ್ಯಾಲಯದ ಸಂಶೋಧಕರು ೨೦೨೦ರಲ್ಲಿ ಇದನ್ನೇ ತೋರಿಸಿಕೊಟ್ಟರು. ಕಡತದೊಳಗೆ ಮೊದಲೇ ಬೇರೆ ಬರಹವನ್ನು ಅಡಗಿಸಿಟ್ಟು, ಸಹಿಯಾದ ಮೇಲೆ ಮುಸುಕು ಸರಿಸಿದರೆ, ಹಲವು ತಂತ್ರಾಂಶಗಳು ಸಹಿ ಸರಿಯಾಗಿಯೇ ಇದೆಯೆಂದು ಹೇಳುತ್ತಿದ್ದವು. ಆಮೇಲೆ ಕೆಲವು ತಯಾರಕರು ದೋಷವನ್ನು ತಿದ್ದಿದರು. ದಾಖಲೆಗಳನ್ನು ದೀರ್ಘಕಾಲ ಕಾಪಾಡಲು ೨೦೦೫ರಲ್ಲಿ ರೂಪುಗೊಂಡ ಪಿಡಿಎಫ್-ಎ ಎಂಬ ಅಂತರರಾಷ್ಟ್ರೀಯ ಮಾನದಂಡದ ಮೊದಲ ಭಾಗ ಇಂಥ ಪದರಗಳನ್ನು ನಿಷೇಧಿಸಿತ್ತು. ೨೦೧೧ರ ಎರಡನೆಯ ಭಾಗ ನಿಯಮಗಳ ಕಟ್ಟಿನಲ್ಲಿ ಅವಕ್ಕೆ ಅವಕಾಶ ಕೊಟ್ಟಿತು. ಸಾಧನವನ್ನು ದೂರವಿಡುವುದು ಸುಲಭ. ಕಟ್ಟಳೆಯೊಳಗೆ ಬಳಸುವುದು ಲೇಸು.

ಹಾಗಾದರೆ ಗೃಹಸ್ಥರು ನೆನಪಿಡಬೇಕಾದದ್ದೇನು? ಪದರವೆಂಬುದು ಓದುಗನಿಗೆ ತೋರುವ ಉಪಚಾರ; ಬೀಗವಲ್ಲ. ತೆರೆಯ ಗುಂಡಿಯನ್ನು ಕಾಗದದಿಂದ ಮರೆಸಲು, ಕಾಗದಕ್ಕೆ ಪೂರ್ತಿ ವಿಳಾಸ ಒದಗಿಸಲು, ಮಸಿ ಉಳಿಸಲು ಅದನ್ನು ಧಾರಾಳವಾಗಿ ಬಳಸಬಹುದು. ಆದರೆ ಇತರರು ನೋಡಬಾರದ ಮಾತನ್ನು ಪದರದಲ್ಲಿ ಬಚ್ಚಿಡಬಾರದು. ಅದನ್ನು ಕಳುಹಿಸುವ ಕಡತದಿಂದಲೇ ತೆಗೆಯಬೇಕು. ಹಣಕಾಸಿನ ಅಥವಾ ಕರಾರಿನ ಕಡತವೊಂದು ಬಂದಾಗ ತೆರೆಯಲ್ಲಿ ಓದಿದ್ದು ಸಾಲದು, ಒಮ್ಮೆ ಮುದ್ರಿಸಿ ಎರಡನ್ನೂ ಹೋಲಿಸಿ ನೋಡುವುದು ಒಳ್ಳೆಯದು. ಪದರಗಳ ಪಟ್ಟಿ ಇದ್ದರೆ ಅದನ್ನೂ ತೆರೆದು ನೋಡಿದರೆ ನಷ್ಟವಿಲ್ಲ. ಕಣ್ಣಿಗೆ ಬೇರೆ ಸಿಂಗಾರ, ಕಾಗದಕ್ಕೆ ಬೇರೆ ಸಿಂಗಾರ ಇರಲಿ. ಹೇಳುವ ಮಾತು ಮಾತ್ರ ಎರಡರಲ್ಲಿಯೂ ಒಂದೇ ಆಗಿರಬೇಕು.