ಮೈಕ್ ಮುಂದೆ 64 ಸೀಸನ್, ತಾಯ್ನುಡಿಯಲ್ಲೇ!



‘ಕನ್ನಡದಲ್ಲಿ ಕಾಮೆಂಟರಿ ಯಾರಿಗೆ ಬೇಕು?’ ಎಂಬ ಕುಹಕದ ಮಾತನ್ನು ನೀವೆಲ್ಲ ಕೇಳಿದ್ದೀರಿ. ಅದಕ್ಕೆ ಉತ್ತರವಾಗಿ ಹೈಮೆ ಹರೀನ್ ಎಂಬ ಹಿರಿಯರ ಕಥೆ ಹೇಳುತ್ತೇನೆ. ಅವರು ಕನ್ನಡಿಗರಲ್ಲ. ಅವರ ನುಡಿ ಸ್ಪ್ಯಾನಿಷ್.

ಹುಟ್ಟಿದ್ದು 1935ರಲ್ಲಿ, ದಕ್ಷಿಣ ಅಮೆರಿಕದ ಈಕ್ವೆಡಾರ್‌ನಲ್ಲಿ. ಅಲ್ಲೇ ರೇಡಿಯೊದಲ್ಲಿ ದನಿ ಪಳಗಿಸಿಕೊಂಡು 1955ರಲ್ಲಿ ಅಮೆರಿಕಕ್ಕೆ ಬಂದರು. ಮೊದಲು ಸಿಕ್ಕಿದ್ದು ಕಾರ್ಖಾನೆಯ ಕೆಲಸ. ಆಮೇಲೆ ಲಾಸ್ ಏಂಜಲೀಸಿನ ಸ್ಪ್ಯಾನಿಷ್ ರೇಡಿಯೊ ಕೇಂದ್ರ. 1958ರಲ್ಲಿ ಡಾಡ್ಜರ್ಸ್ ಬೇಸ್‌ಬಾಲ್ ತಂಡ ಆ ಊರಿಗೆ ಬಂತು, ಕೇಂದ್ರಕ್ಕೆ ಪ್ರಸಾರದ ಹಕ್ಕೂ ಸಿಕ್ಕಿತು. ಆದರೆ ಹರೀನ್‌ಗೆ ಬೇಸ್‌ಬಾಲ್ ಪ್ರಸಾರ ಮಾಡುವಷ್ಟು ಗೊತ್ತಿರಲಿಲ್ಲ! ಕಲಿಯಲು ಯಜಮಾನರು ಒಂದು ವರ್ಷ ಕೊಟ್ಟರು. ಕಲಿತರು. 1959ರಲ್ಲಿ ಮೈಕ್ ಹಿಡಿದವರು ಕೆಳಗಿಟ್ಟದ್ದು 2022ರಲ್ಲಿ!

ಸುಲಭವಿತ್ತೇ? ತಂಡ ಹೊರಊರಿಗೆ ಹೋದರೆ ಇವರು ಸ್ಟುಡಿಯೊದಲ್ಲೇ. ಕಿವಿಯಲ್ಲಿ ಇಂಗ್ಲಿಷ್ ಕಾಮೆಂಟರಿ, ಅದೇ ಗಳಿಗೆಗೆ ಬಾಯಲ್ಲಿ ಸ್ಪ್ಯಾನಿಷ್! ತಂಡದೊಡನೆ ಎಲ್ಲ ಊರಿಗೂ ಹೋಗುವ ಏರ್ಪಾಡು ಆದದ್ದು ಆಮೇಲೆ. 1962ರಿಂದ 1984ರವರೆಗೆ ಸುಮಾರು 4,000 ಪಂದ್ಯ, ಒಂದನ್ನೂ ತಪ್ಪಿಸಲಿಲ್ಲ.

ಇನ್ನೊಂದು ಸಂಗತಿ ಕೇಳಿ. ಆ ತಂಡದ ಮೈದಾನ ಎದ್ದದ್ದು ಚಾವೆಜ್ ರವೀನ್ ಎಂಬ ಜಾಗದಲ್ಲಿ. ಅಲ್ಲಿ ಉಳಿದಿದ್ದ ಮೆಕ್ಸಿಕೊ ಮೂಲದ ಕುಟುಂಬಗಳನ್ನು ಪೊಲೀಸರು ಹೊತ್ತು ಹೊರಹಾಕಿದ್ದು ಅದೇ 1959ರಲ್ಲಿ. ನೆಲ ಕಳೆದುಕೊಂಡ ಆ ಜನರಿಗೆ ಆ ತಂಡ ಹೇಗೆ ತಮ್ಮದಾಗಬೇಕು? 1981ರಲ್ಲಿ ಮೆಕ್ಸಿಕೊದ ಇಪ್ಪತ್ತರ ಹುಡುಗ ಫರ್ನಾಂಡೊ ವಾಲೆನ್ಸುವೆಲಾ ಚೆಂಡೆಸೆದು ಮೊದಲ 8 ಪಂದ್ಯ ಸತತ ಗೆದ್ದ. ಅವನಿಗೆ ಇಂಗ್ಲಿಷ್ ಬಾರದು. ಪತ್ರಕರ್ತರು ಮುತ್ತಿಕೊಂಡಾಗ ಪಕ್ಕದಲ್ಲಿ ನಿಂತು ಅವನ ಮಾತನ್ನು ದಾಟಿಸಿದವರು ಹರೀನ್. ಸ್ಪ್ಯಾನಿಷ್ ಜನ ಮೈದಾನಕ್ಕೆ ನುಗ್ಗಿ ಬಂದರು. ಹುಡುಗ ಕರೆದ, ನಿಜ. ಆದರೆ 22 ವರ್ಷ ಅವರ ಮನೆಮನೆಯಲ್ಲಿ ಆಟವನ್ನು ಅವರದೇ ಮಾತಿನಲ್ಲಿ ಬಿತ್ತಿದ್ದವರು ಯಾರು?

1998ರಲ್ಲಿ ಬೇಸ್‌ಬಾಲ್ ಪ್ರಸಾರಕರ ಅತಿ ದೊಡ್ಡ ಗೌರವ, ಫೋರ್ಡ್ ಫ್ರಿಕ್ ಪ್ರಶಸ್ತಿ, ಅವರಿಗೆ ಬಂತು. ಇಂಗ್ಲಿಷಿನ ನಾಡಿನಲ್ಲಿ, ಸ್ಪ್ಯಾನಿಷ್ ಮಾತಿಗೆ!

ಕೇಳುಗರು ಬಂದ ಮೇಲೆ ಮಾತಾಡೋಣ ಎಂದು ಅವರು ಕಾಯಲಿಲ್ಲ. ಮಾತಾಡಿ ಮಾತಾಡಿ ಕೇಳುಗರನ್ನು ಗಳಿಸಿದರು. 2018ರಲ್ಲಿ ಐಪಿಎಲ್‌ಗೆ ಟಿವಿಯಲ್ಲಿ ಕನ್ನಡ ಕಾಮೆಂಟರಿ ಬಂತು. ಅದನ್ನು ಹಾಕಿ ನೋಡಿ. ತಪ್ಪಿದ್ದರೆ ಬರೆದು ತಿಳಿಸಿ. ನಿಮ್ಮ ಕಾಲೇಜಿನ ಕಬಡ್ಡಿ ಪಂದ್ಯಕ್ಕೆ ನೀವೇ ಕನ್ನಡದಲ್ಲಿ ಮೈಕ್ ಹಿಡಿಯಿರಿ. ಬರೀ ಅಭಿಮಾನ ಸಾಲದು, ತರುಣರೇ. ಆಟವನ್ನೂ ಕಲಿಯಬೇಕು, ಮಾತನ್ನೂ ಮಸೆಯಬೇಕು.

ಜೈ ಕರ್ನಾಟಕ!