ಬುಧವಾರದ ಹುಡುಗ

ಧಾರವಾಡದ ಮಾಳಮಡ್ಡಿಯಲ್ಲಿ ನಮ್ಮ ಹಳೆಯ ಮನೆಗೆ ಪ್ರತಿ ಬುಧವಾರ ಒಬ್ಬ ಹುಡುಗ ಊಟಕ್ಕೆ ಬರುತ್ತಿದ್ದ. ಅವನಿಗೊಂದು ಹೆಸರಿತ್ತು. ಆದರೆ ಮನೆಮಂದಿಯ ಬಾಯಲ್ಲಿ ಅವನು ‘ಬುಧವಾರದ ಹುಡುಗ’. ಹಳ್ಳಿಯಿಂದ ಓದಲಿಕ್ಕೆ ಬಂದವನು. ಗುರುವಾರ ಸ್ಟೇಶನ್ ಕಡೆಯ ಒಂದು ಮನೆ, ಶುಕ್ರವಾರ ರಾಮದೇವರ ಗುಡಿಯ ಹತ್ತಿರ ಇನ್ನೊಂದು ಮನೆ. ಹೀಗೆ ಏಳು ಮನೆಯ ಒಲೆ ಸೇರಿ ಒಬ್ಬನ ಓದು ಮುಗಿಸುತ್ತಿದ್ದವು. ಇದೇ ವಾರಾನ್ನ. 1917ರಲ್ಲಿ ಕರ್ನಾಟಕ ಕಾಲೇಜು ಶುರುವಾದ ಈ ಊರಿನಲ್ಲಿ ಓದಿ ಮುಂದೆ ಬಂದ ಎಷ್ಟೋ ಹುಡುಗರ ಹೊಟ್ಟೆ ತುಂಬಿದ್ದು ಇಂಥ ಅನ್ನದಿಂದ.

ಬುಧವಾರ ಏಕಾದಶಿ ಬಂದರೆ ನಮ್ಮ ಮನೆಯಲ್ಲಿ ಅಡುಗೆ ಇಲ್ಲ. ಆದರೂ ಅವ್ವ ಆ ಹುಡುಗನಿಗೆ ಅವಲಕ್ಕಿ ಹಚ್ಚಿ ಇಡುತ್ತಿದ್ದಳು. ತಾನೇ ಜ್ವರ ಬಂದು ಮಲಗಿದರೆ ಪಕ್ಕದ ಮನೆಯವರಿಗೆ ಹೇಳಿ ಕಳಿಸುತ್ತಿದ್ದಳು: “ಇವತ್ತ ನಮ್ಮ ಬುಧವಾರ ನಿಮ್ಮಲ್ಲೆ ಉಣ್ಣಲಿ.” ಒಮ್ಮೆ ಬುಧವಾರವೇ ಬಂದ ಬಳಗದ ಮದುವೆಗೆ ಹೊರಡಲು ಒಪ್ಪದೇ ಕೂತಳು. ನಾನು ಗೊಣಗಿದ್ದಕ್ಕೆ ಅಂದಳು: “ಹಬ್ಬಕ್ಕ ಯಾರರೆ ಕರದು ಉಣಸ್ತಾರಪಾ. ಬುಧವಾರಕ್ಕ ಯಾರಿದ್ದಾರ?”

ಈ ಮಾತು ನನಗೆ ಮತ್ತೆ ನೆನಪಾದದ್ದು ಅಮೆರಿಕದಲ್ಲಿ, ಮಗನ ಮನೆಗೆ ಹೋದಾಗ. ಡಿಸೆಂಬರ್ ತಿಂಗಳು, ಕ್ರಿಸ್‌ಮಸ್ ರಜೆ. “ಅಪ್ಪಾ, ಮನ್ಯಾಗ ಕೂತು ಬ್ಯಾಸರಾಗೇದ. ನಡೀರಿ, ಫುಡ್ ಬ್ಯಾಂಕಿಗೆ ಹೋಗಿ ಸೇವಾ ಮಾಡೂಣು” ಅಂದ. ಹೋಗಲು ಹೆಸರು ಹಚ್ಚಬೇಕಂತೆ. ನೋಡಿದರೆ ಡಿಸೆಂಬರ್ ಪೂರ್ತಿ ಭರ್ತಿ! ನಮ್ಮ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ಸಿನ ಹಾಗೆ ಸೇವೆಗೂ ವೇಟಿಂಗ್ ಲಿಸ್ಟು. ಕೊನೆಗೆ ಯಾರೋ ಬರುವುದಿಲ್ಲವೆಂದು ಎರಡು ಜಾಗ ಖಾಲಿಯಾದವು.

ಈ ಫುಡ್ ಬ್ಯಾಂಕುಗಳ ಹುಟ್ಟೂ ಒಂದು ಕಥೆ. ಅರಿಜೋನಾದ ಫೀನಿಕ್ಸ್ ಊರಿನಲ್ಲಿ ಜಾನ್ ವ್ಯಾನ್ ಹೆಂಗೆಲ್ ಎಂಬುವರು ಬಡವರ ಊಟದ ಮನೆಯಲ್ಲಿ ಕೈಜೋಡಿಸುತ್ತಿದ್ದರು. ಅಂಗಡಿಗಳು ಎಸೆದ ಆಹಾರ ಆರಿಸಿ ತಂದು ಹತ್ತು ಮಕ್ಕಳನ್ನು ಸಾಕುತ್ತಿದ್ದ ಒಬ್ಬ ತಾಯಿ ಅವರಿಗೆ ಹೇಳಿದಳಂತೆ: ಹಣ ಇಡಲು ಬ್ಯಾಂಕ್ ಇದ್ದ ಹಾಗೆ ಆಹಾರ ಇಡಲೂ ಒಂದು ಬ್ಯಾಂಕ್ ಇರಬೇಕು. ಅಲ್ಲಿಂದ 1967ರಲ್ಲಿ ಸೇಂಟ್ ಮೇರೀಸ್ ಫುಡ್ ಬ್ಯಾಂಕ್ ಶುರುವಾಯಿತು. ಇಂದು ಆ ದೇಶದಲ್ಲಿ ಇಂಥ ಇನ್ನೂರಕ್ಕೂ ಹೆಚ್ಚು ಬ್ಯಾಂಕುಗಳಿವೆ. ದಾರಿ ತೋರಿಸಿದವಳು ಹಸಿವು ಕಂಡ ತಾಯಿ.

ನಾವು ಹೋದ ದಿನ ದೊಡ್ಡ ಗೋದಾಮಿನ ತುಂಬ ಜನ. ಕೈಗವಸು ಹಾಕಿಕೊಂಡು ಡಬ್ಬಿಗಳ ತಾರೀಖು ನೋಡುವುದು, ಉಬ್ಬಿದ್ದನ್ನು ಬೇರೆ ತೆಗೆಯುವುದು, ಬಟಾಟಿಯನ್ನು ಚೀಲಕ್ಕೆ ತುಂಬುವುದು. ಮೂರು ತಾಸು ಹೋದದ್ದೇ ತಿಳಿಯಲಿಲ್ಲ. ಎದ್ದು ಬರುವಾಗ ಅಲ್ಲಿಯ ಮೇಲ್ವಿಚಾರಕಿ ನಗುತ್ತ ಹೇಳಿದಳು: “ಜನವರಿಯಲ್ಲೂ ಬನ್ನಿ. ಆಗ ಬಟಾಟಿ ಇರುತ್ತದೆ, ತುಂಬುವ ಕೈ ಇರುವುದಿಲ್ಲ.” ನನಗೆ ಅವ್ವನೇ ಇಂಗ್ಲಿಷಿನಲ್ಲಿ ಮಾತಾಡಿದಂತಾಯಿತು.

ಹಾಗಂತ ನಮ್ಮ ವಾರಾನ್ನವೇ ಶ್ರೇಷ್ಠ ಎಂದು ಬೀಗುವ ಹಾಗಿಲ್ಲ. ನಮ್ಮ ಮನೆಯ ಪಂಕ್ತಿಗೆ ಜಾತಿಯ ಬೇಲಿ ಇತ್ತು. ಅವ್ವನ ಕರುಣೆ ದೊಡ್ಡದು. ಅವಳ ಅಡುಗೆಮನೆಯ ಹೊಸ್ತಿಲು ಅಷ್ಟು ದೊಡ್ಡದಿರಲಿಲ್ಲ. ಇದನ್ನು ಹೇಳಿಕೊಳ್ಳಲು ಸಂಕೋಚವಾಗುತ್ತದೆ, ಹೇಳದಿದ್ದರೆ ಸುಳ್ಳಾಗುತ್ತದೆ. ಆ ಗೋದಾಮಿನಲ್ಲಿ ನಾನು ತುಂಬಿದ ಬಟಾಟಿ ಯಾರ ಮನೆಗೆ ಹೋಯಿತೋ ಗೊತ್ತಿಲ್ಲ, ಯಾರೂ ಕೇಳಲೂ ಇಲ್ಲ. ಅಲ್ಲಿ ಬಾಗಿಲು ಎಲ್ಲರಿಗೂ ತೆರೆದಿತ್ತು, ಕೈಗಳು ಮಾತ್ರ ರಜೆ ನೋಡಿಕೊಂಡು ಬರುತ್ತಿದ್ದವು. ಇಲ್ಲಿ ಕೈ ವರ್ಷವಿಡೀ ಇತ್ತು, ಬಾಗಿಲು ಅರ್ಧ ತೆರೆದಿತ್ತು.

ನಮಗೂ ಈ ರಜೆಯ ಚಾಳಿ ಹೊಸದಲ್ಲ. ಮಕ್ಕಳ ಹುಟ್ಟುಹಬ್ಬಕ್ಕೆ ಅನಾಥಾಶ್ರಮದಲ್ಲಿ ಊಟ, ಹಿರಿಯರ ಪುಣ್ಯತಿಥಿಗೆ ಹಣ್ಣು ಹಂಚಿಕೆ. ತಪ್ಪಲ್ಲ, ಮಾಡಬೇಕಾದ್ದೇ. ಆದರೆ ತಾರೀಖು ನಮ್ಮ ಮನೆಯದು, ಹಸಿವು ಅವರದು. ಒಂದೇ ದಿನ ಮೂರು ಮನೆಯ ಹೋಳಿಗೆ ಬಂದು, ಮರುದಿನ ಸಾರಿಗೆ ಬೇಳೆ ಇಲ್ಲದಿದ್ದರೆ ಆ ಮಕ್ಕಳು ಏನು ಮಾಡಬೇಕು? ಕೊಡುವವನಿಗೆ ಬಿಡುವಾದಾಗ ಕೊಟ್ಟದ್ದು ದಾನ. ಉಣ್ಣುವವನಿಗೆ ಬೇಕಾದಾಗ ಒದಗಿದ್ದು ಸೇವೆ. ಅದಕ್ಕೆ ಲಕ್ಷ ರೂಪಾಯಿ ಬೇಡ, ವಾರದಲ್ಲಿ ಒಂದು ದಿನ ಸಾಕು. ಒಂದು ಮಗುವಿಗೆ ಲೆಕ್ಕ ಹೇಳಿಕೊಡಬಹುದು, ಒಂಟಿಯಾಗಿರುವ ಹಿರಿಯರಿಗೆ ಔಷಧ ತಂದುಕೊಡಬಹುದು. ಆದರೆ ಆ ದಿನ ತಪ್ಪಬಾರದು. ತಪ್ಪುವುದಾದರೆ ಅವ್ವನ ಹಾಗೆ ಪಕ್ಕದ ಮನೆಗೆ ಹೇಳಿ ಕಳಿಸಬೇಕು.

ನಾನು ಮಾಳಮಡ್ಡಿಗೆ ಮರಳಿದ ಮೇಲೆ, ಜನವರಿಯ ಒಂದು ರಾತ್ರಿ ಮಗನ ಫೋನು ಬಂತು. “ಅಪ್ಪಾ, ನಿನ್ನೆ ಫುಡ್ ಬ್ಯಾಂಕಿಗೆ ಹೋಗಿದ್ದೆ. ಅಷ್ಟು ದೊಡ್ಡ ಗೋದಾಮಿನ್ಯಾಗ ನಾವು ಏಳ ಮಂದಿ.”

ಕ್ಯಾಲೆಂಡರಿನ ಕಡೆ ನೋಡಿದೆ. ಗುರುವಾರ.